ಇತರೆ ಧ್ವನಿ

ನಾನು ನಕ್ಕರೆ ಎಂಟಾಣೆ.
ಕೋಡಿಬಾಗದ ಗಣಪತಿ ಪೆಂಡಾಲು,
ಮೂರನೇ ಸಾಲು, ಕಂಬದ ಪಕ್ಕ ನನ್ನ ಮಡಿಚುವ ಕುರ್ಚಿ.
ವಿಶ್ರಾಮ ಕೊಠಾರಕರ ಪರದೆಯ ಸಂದಿಯಿಂದ
ಬೀಡಿ ಹಿಡಿದ ಕೈ ಎತ್ತಿದರೆ ನಾನು ಶುರು ಮಾಡಬೇಕು.
ಜನಕ್ಕೆ ನಗು ಬರುತ್ತದೆ ಸುಲಭಾ,
ಮೊದಲು ನಗಲು ನಾಚಿಕೆ.
ಬಂಗಡೆ ರಾಶಿಯ ಮುಂದೆ ಮೊದಲ ಬೆಲೆ ಯಾರೂ ಕೂಗುವುದಿಲ್ಲ ನೋಡು, ಹಾಗೆ
ಎಂದು ಹೇಳಿಕೊಟ್ಟಿದ್ದರು.
ಆಗ ನನಗೆ ಹನ್ನೊಂದು.

ಹಗಲು ಅವರು ಲೋಕೋಪಯೋಗಿ ಕಚೇರಿಯ ಗುಮಾಸ್ತ.
ನಾಟಕವೆಲ್ಲ ಟೆಂಡರ್ ಫಾರ್ಮಿನ ಬೆನ್ನ ಮೇಲೆ.
ಎಲ್ಲ ನಾಟಕದಲ್ಲೂ ಒಬ್ಬನೇ ಬಾಬ್ಲೊ,
ಮದುವೆಗೂ ತಡ, ಜಗಳಕ್ಕೂ ತಡ,
ಒಮ್ಮೆ ತನ್ನದೇ ತಿಥಿಗೆ ಬಂದಾಗ ಊಟ ಮುಗಿದಿತ್ತು.

ವಾರಪತ್ರಿಕೆಯಲ್ಲಿ ಬಾಬ್ಲೊನಿಗೆ ಅಂಗೈಯಷ್ಟು ಜಾಗ,
ನಾಲ್ಕನೇ ಪುಟ, ಸರಾಫರ ಜಾಹೀರಾತಿನ ಕೆಳಗೆ.
ಚಿನ್ನ ಏರಿದ ವಾರ ಅವನ ಕಾಲು ಕತ್ತರಿಸುತ್ತಿದ್ದರು.
ಮುಗಿಯದ ಜೋಕಿಗೇ ಓದುಗರು ಹೆಚ್ಚು ನಕ್ಕರಂತೆ.
ಅಂದಿನಿಂದ ಕೊಠಾರಕರು
ಕೊನೆಯ ಸಾಲು ತಾವೇ ಹೊಡೆದುಹಾಕಿ ಕಳಿಸತೊಡಗಿದರು.

ಆಮೇಲೆ ಆಕಾಶವಾಣಿ.
ದಪ್ಪ ಬಾಗಿಲು, ಕೆಂಪು ದೀಪ, ತೂತು ತೂತಿನ ಗೋಡೆಯ ಕಡೆ ತಿರುಗಿ ನಗಬೇಕು.
ಬೀಡಿಯಿಲ್ಲ, ಗಾಜಿನಾಚೆ ಒಂದು ಪೆನ್ಸಿಲ್ಲು.
ಮೂರು ಥರ ನಕ್ಕೆ: ಸಣ್ಣದು,
ಬಾಯಿಗೆ ಸೆರಗು ಹಿಡಿದದ್ದು,
ತಡೆಯಲಾರದೆ ಕೆಮ್ಮಿನಲ್ಲಿ ಮುಗಿಯುವುದು.
ಚೀಟಿಯಲ್ಲಿ ಬರೆದರು:
ಎಸ್. ಪೆಡ್ನೇಕರ, ಇತರೆ ಧ್ವನಿ, ನೂರಿಪ್ಪತ್ತು ರೂಪಾಯಿ.
ಬೈತಖೋಲದಲ್ಲಿ ಮೀನು ಒಣಗಿಸುತ್ತ ಅತ್ತೆ ಅದನ್ನು ಕೇಳಿ
ಯಾರ ಮನೆ ಸೊಸೆಯೋ, ಹಲ್ಲು ಮುಚ್ಚಲು ಬಾರದವಳು ಅಂದರು.
ನಾನು ತಲೆ ತಗ್ಗಿಸಿ ಬಂಗಡೆ ಮಗುಚಿ ಹಾಕಿದೆ.

ಅರ್ಗಾ ಅವರ ಊರು.
ನೌಕಾನೆಲೆಗೆ ಊರು ತೆರವಾದ ವರ್ಷ ಏನೂ ಬರೆದಿಲ್ಲ ಅಂದುಕೊಂಡಿದ್ದೆವು.
ಬರೆದಿದ್ದರು. ಬಾಬ್ಲೊ ತನ್ನ ಹಳೇ ಮನೆಗೆ
ತಾನೇ ಕಾಗದ ಹಾಕುತ್ತಾನೆ.
'ವಿಳಾಸದಾರರು ಇಲ್ಲ' ಎಂದು ವಾಪಸು ಬಂದರೆ ಪೋಸ್ಟ್‌ಮ್ಯಾನ್ ಜೊತೆ ಜಗಳ:
ವಿಳಾಸದಾರ ನಿನ್ನೆದುರಿಗೇ ಇದ್ದೇನಲ್ಲ ಮಾರಾಯ,
ವಿಳಾಸ ಎಲ್ಲಿ?
ಪೆನ್ಸಿಲ್ಲು ಎದ್ದಿತು.
ನನಗಾಗಲಿಲ್ಲ.
ಎರಡನೇ ಟೇಕು. ಮೂರನೇ ಟೇಕು.
ಕೊನೆಗೆ ಹಳೇ ಟೇಪಿನಿಂದ ಕತ್ತರಿಸಿ
ನನ್ನದೇ ನಗು ಅಂಟಿಸಿದರು, ಸೆರಗಿನದ್ದು.
ಹಣ ಪೂರ್ತಿ ಕೊಟ್ಟರು.

ಆ ಟೇಪು ಅವರ ಚೀಲದಲ್ಲಿ ಹುಬ್ಬಳ್ಳಿಗೆ,
ಅಲ್ಲಿಂದ ಬೆಂಗಳೂರಿಗೆ, ಒಂದು ಧಾರಾವಾಹಿಗೆ.
ಅಲ್ಲಿ ಬಾಬ್ಲೊ ಬಾಬು ಆದ, ಹೊತ್ತಿಗೆ ಸರಿಯಾಗಿ ಬರತೊಡಗಿದ.
ಜಾಹೀರಾತು ಕಾಯುವುದಿಲ್ಲವಂತೆ.
'ಸಂಭಾಷಣೆ ನೆರವು: ವಿ. ಕೊಠಾರಕರ' ಕಂಡದ್ದು
ಎರಡು ಸುರಂಗಗಳ ನಡುವೆ ರೈಲಿನ ಕಿಟಕಿಗೆ ಸಮುದ್ರ ಕಾಣುವಷ್ಟು ಹೊತ್ತು.
ನಾನು ಒಳಗೆ ಕಾಯಿ ತುರಿಯುತ್ತಿದ್ದರೆ
ಹೊರಗೆ ಟೀವಿಯಲ್ಲಿ ಇಪ್ಪತ್ತೇಳರ ನಾನು ನಗುತ್ತಿದ್ದೆ,
ಯಾರೋ ಬಾಳೆಸಿಪ್ಪೆಗೆ ಜಾರಿದ್ದಕ್ಕೆ.
ಇಂಥದ್ದಕ್ಕೆ ನಾನು ನಕ್ಕಿರಲಾರೆ ಎಂದರೆ
ಮಗಳು ನಂಬಲಿಲ್ಲ.

ಹದಿನಾಲ್ಕೇ ತಿಂಗಳು. ತಿರುಗಿ ಬಂದರು.
ಈಗ ನಗರಸಭೆಯ ರಿಕ್ಷಾಕ್ಕೆ ಬರೆಯುತ್ತಾರೆ, ಮೇಲೆ ಮೈಕು ಕಟ್ಟಿದ್ದು.
ಮಹಾಜನರೇ, ನಾಳೆ ಹಬ್ಬುವಾಡದಲ್ಲಿ ನೀರು ಬರುವುದಿಲ್ಲ.
ನಿನ್ನೆಯೂ ಬಂದಿರಲಿಲ್ಲ,
ಆದರೆ ನಾಳೆಯದು ಅಧಿಕೃತ.
ಪೌರಾಯುಕ್ತರು ಎರಡನೇ ವಾಕ್ಯ ಹೊಡೆದುಹಾಕಿದರು.
ಡ್ರೈವರ್ ಅಷ್ಟರಲ್ಲಿ ಬಾಯಿಪಾಠ ಮಾಡಿದ್ದ.

ಇವತ್ತು ಅದು ನಮ್ಮ ಓಣಿಗೆ ಬಂತು.
ನಲ್ಲಿಯ ಹತ್ತಿರ ಕೊಡ ಹಿಡಿದ ಹೆಂಗಸರು ಯಾರೂ ತುಟಿ ಬಿಚ್ಚಲಿಲ್ಲ.
ಎಲ್ಲರಿಗೂ ಬಂದಿತ್ತು, ಅದು ನನಗೆ ಗೊತ್ತಾಗುತ್ತದೆ,
ನಲವತ್ತಾರು ವರ್ಷದ ಕಸುಬು.
ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಅವರು.
ಬೀಡಿ ಡಾಕ್ಟರು ಬಿಡಿಸಿ ಬಹಳ ಕಾಲವಾಯಿತು.
ಆ ಎರಡು ಖಾಲಿ ಬೆರಳು
ಮೇಲೆದ್ದದ್ದು ನನಗೋ,
ಬೆವರು ಒರೆಸಿಕೊಳ್ಳಲೋ, ತಿಳಿಯಲಿಲ್ಲ.

ಕೊಡ ಕೆಳಗಿಟ್ಟೆ.