ಕ್ರಮಸಂಖ್ಯೆ ಹದಿನೇಳು

ಹಾಸನದಲ್ಲಿ ಎರಡು ದಿನ ಕೂರಿಸಿ ಹೇಳಿಕೊಟ್ಟರು:
ಇನ್ನು ಮೇಲೆ ಪಾಠ ಒಬ್ಬೊಬ್ಬರಿಗೆ ಒಂದೊಂದು,
ಮಗು ಎಡವಿದಲ್ಲಿ ಆ್ಯಪು ತಾನೇ ಬಗ್ಗುತ್ತದೆ,
ಓಡಿದರೆ ಜೊತೆಗೇ ಓಡುತ್ತದೆ,
ನೀವು ಪರದೆ ನೋಡಿಕೊಂಡಿದ್ದರೆ ಸಾಕು ಮೇಡಂ.
ಊಟಕ್ಕೆ ಬಿಸಿಬೇಳೆಬಾತು. ಸಹಿ ಹಾಕಿ
ಸಂಜೆಯ ಪ್ಯಾಸೆಂಜರಿಗೆ ಅರಸೀಕೆರೆಗೆ ಬಂದೆ.

ನೋಡಿಕೊಂಡಿದ್ದೇನೆ.
ಎಂಟನೇ ಬಿ, ನಲವತ್ತೊಂದು ಹೆಸರು,
ಹೆಸರಿನ ಮುಂದೆ ಹಸಿರು, ಹಳದಿ, ಕೆಂಪು ಗುಂಡಿ.
ಹದಿನೇಳನೆಯವನು ತೌಸೀಫ್.
ಇವನೊಬ್ಬ ನನಗೆ ಅರ್ಥವಾಗಲಿಲ್ಲ.

ಬೆಳಿಗ್ಗೆ ಐದಕ್ಕೆ ಬೀಜೋಕ್ತಿಗಳನ್ನು
ಕೊಬ್ಬರಿ ಗಿಟುಕಿನಂತೆ ಎರಡಾಗಿ ಒಡೆದಿಡುತ್ತಾನೆ,
ಸಂಜೆ ಏಳಕ್ಕೆ ಏಳು ಮೂರ್ಲಿ ಹತ್ತೊಂಬತ್ತು ಅನ್ನುತ್ತಾನೆ,
ರಾತ್ರಿ ಹನ್ನೊಂದಕ್ಕೆ
ಅ ಯಾವುದು, ಆ ಯಾವುದು
ಗುರುತು ಹಿಡಿಯಲು ಹದಿನಾಲ್ಕು ನಿಮಿಷ.

ಆ್ಯಪಿಗೂ ಅರ್ಥವಾಗಿಲ್ಲ, ಪಾಪ.
ಬೆಳಿಗ್ಗೆ ಭಲೇ ಎಂದು ನಕ್ಷತ್ರ ಕೊಟ್ಟು
ಸಂಜೆ 'ಬೇಸರ ಬೇಡ, ಮತ್ತೆ ನೋಡೋಣ' ಎನ್ನುತ್ತದೆ.
ರಾತ್ರಿಯಾದರೆ, ಬೆಂಚಿನಡಿ ಬಿದ್ದ ಬಳಪ ಹುಡುಕುವವರಂತೆ
ಕೆಳಗೆ, ಇನ್ನೂ ಕೆಳಗೆ ಇಳಿದು
ಅಂಗನವಾಡಿಯ ಹೊಸ್ತಿಲಲ್ಲಿ ಕೂತು ಕೇಳುತ್ತದೆ:
ಇದು ಇಂಜಿನ್ನು. ಇದರ ಮೊದಲ ಅಕ್ಷರ ಯಾವುದು?

ಇಂಜಿನ್ನೇ ಯಾಕೆಂದರೆ
ಮೊದಲ ದಿನ ಅದು ಕೇಳಿತ್ತಂತೆ, ನಿನಗೆ ಯಾವುದಿಷ್ಟ,
ಕ್ರಿಕೆಟ್ಟೋ, ಗ್ರಹಗಳೋ, ಪ್ರಾಣಿಗಳೋ, ರೈಲೋ.
ಯಾರೋ ರೈಲು ಒತ್ತಿದ್ದಾರೆ.
ಅಂದಿನಿಂದ ಆ ಮನೆಯ ಲೆಕ್ಕಗಳೆಲ್ಲ ಹಳಿ ಮೇಲೆ:
ಒಂದು ರೈಲು ಗಂಟೆಗೆ ಅರವತ್ತು, ಇನ್ನೊಂದು ಎಪ್ಪತ್ತೆರಡು,
ಬೋಗಿಗೆ ಎಂಟರಂತೆ ಒಂಬತ್ತು ಬೋಗಿಗೆ ಎಷ್ಟು ಕಿಟಕಿ,
ರ ಎಂದರೆ ರೈಲು, ಹ ಎಂದರೆ ಹಳಿ.
ಗೇಟಿನ ಪಕ್ಕದ ಮನೆ. ನಿಜದ ಗೂಡ್ಸು ಹಾಯುವಾಗ
ಲೆಕ್ಕದ ರೈಲು ಅಂಗೈಯಲ್ಲಿ ನಡುಗಿರಬೇಕು.

ಒಂದೇ ಫೋನು. ಅದೂ ಅಪ್ಪನದು,
ಮಂಡಿಯಲ್ಲಿ ಕೊಬ್ಬರಿ ಚೀಲ ಲಾರಿಗೇರಿಸುವವನದು.
ಹಗಲೆಲ್ಲ ಅವನ ಜೇಬಿನಲ್ಲಿ, ಚೀಲದ ಧೂಳಿನ ಜೊತೆ.
ತಂಗಿ ಶಿಫಾ ನಾಲ್ಕನೇ ಕ್ಲಾಸು.
ಇಷ್ಟು ಲೆಕ್ಕ ನಾನೇ ಬಿಡಿಸಿದೆ.
ರಾತ್ರಿಯದಕ್ಕೆ ತಡವಾಯಿತು.

ಅಕ್ಟೋಬರಿನಲ್ಲಿ ಮೇಲಿನಿಂದ ಒಂದು ಪಟ್ಟಿ ಬಂತು:
ಅಸಹಜ ಕಲಿಕೆ ತೋರುವ ಖಾತೆಗಳು, ಪರಿಶೀಲಿಸಿ ಖಚಿತಪಡಿಸಿ,
ಒಬ್ಬರಿಗಿಂತ ಹೆಚ್ಚು ಮಂದಿ ಬಳಸಿದ್ದರೆ ಸ್ಥಗಿತಗೊಳಿಸಲಾಗುವುದು.
ನಮ್ಮ ಶಾಲೆಯಿಂದ ಒಂದೇ ಹೆಸರು.
ಕೆಳಗೆ ಎರಡು ಚೌಕ: ಒಬ್ಬನೇ ವಿದ್ಯಾರ್ಥಿ. ಒಬ್ಬನಲ್ಲ.

ಎರಡು ದಿನ ಚೌಕಗಳನ್ನು ಖಾಲಿ ಬಿಟ್ಟೆ.
ಇಪ್ಪತ್ತಾರು ವರ್ಷ ಬೋರ್ಡಿನ ಮುಂದೆ ನಿಂತವಳು,
ಒಂದೇ ಪಾಠವನ್ನು ನಲವತ್ತು ತಲೆಯ ಮೇಲೆ ಸುರಿದು
ಯಾರು ನೆನೆದರು, ಯಾರು ಒಣಗಿದರು ಎಂದು ನೋಡದೆ
ಗಂಟೆ ಹೊಡೆದಾಗ ಚಾಕ್‌ಪುಡಿ ಕೊಡವಿಕೊಂಡು ಹೋದವಳು,
ನಾನು ಯಾವುದನ್ನು ಅಸಹಜ ಎನ್ನಲಿ?

ಮೂರನೇ ದಿನ ಅಂಕಪಟ್ಟಿಗೆ ಮನೆಯವರ ಸಹಿ.
ತೌಸೀಫನದು ಪ್ರತಿ ಸಲ ಅಪ್ಪನ ಇಂಗ್ಲಿಷ್ ಗೀಚು.
ಈ ಸಲ ನೀಲಿ ಪೆನ್ನು, ಕನ್ನಡ,
ಗೆರೆ ಬಿಟ್ಟು ಮೇಲಕ್ಕೆ ಹತ್ತುತ್ತ
ಮೆ ಹ ರು ನೀ ಸಾ.
ಅಮ್ಮನ ಹೆಸರಲ್ಲಿ ನ-ಗೆ ಒತ್ತು ಬೇಡವೇನೋ, ಅಂದೆ.
ಅವನು ಕಿಟಕಿಯತ್ತ ನೋಡಿದ.
'ಅದಿನ್ನೂ ಬಂದಿಲ್ಲ ಮಿಸ್.'

ಪರದೆ ತೆಗೆದೆ. ಹದಿನೇಳನೇ ಸಾಲು.
ಸ್ವರ ಹಸಿರು, ವ್ಯಂಜನ ಹಸಿರು, ಕಾಗುಣಿತ ಹಳದಿ,
ಒತ್ತಕ್ಷರದ ಮೇಲೆ ಒಂದು ಪುಟ್ಟ ಬೀಗ.

ಒಬ್ಬನೇ ವಿದ್ಯಾರ್ಥಿ, ಎಂದು ಒತ್ತಿದೆ.
ವಿವರಣೆ ಕೊಡಿ ಎಂದಿತು. ಕೊಟ್ಟೆ:
ಹುಡುಗ ರಾತ್ರಿ ಹೊತ್ತು ತುಸು ನಿಧಾನ,
ಆದರೆ ಒಂದು ದಿನವೂ ತಪ್ಪಿಸಿಲ್ಲ.