ಸಂಬಳವಿಲ್ಲದವರು

ಗುರುವಾರ ಸಂಜೆ ನಾಲ್ಕಕ್ಕೆ, ಔಲು ಪಟ್ಟಣದ ಸಂತೆ ಚೌಕದಲ್ಲಿ,
ಆ ಬೊಜ್ಜಿನ ಕಂಚಿನ ಪೊಲೀಸಪ್ಪನ ಕಾಲಬುಡದಲ್ಲಿ ಭೇಟಿ.
ತೌನೊ ಮೊದಲು ಪೊಲೀಸಪ್ಪನಿಗೆ ಸಲಾಮು ಹೊಡೆಯುತ್ತಾನೆ,
ಆಮೇಲೆ ನನಗೆ. ಅದೇ ಕ್ರಮ.
ತಪ್ಪಿದರೆ ಮತ್ತೆ ಬಸ್ ಸ್ಟಾಪಿನಿಂದ ಶುರು.

ಸಂಘದವರ ಫಾರಮ್ಮಿನಲ್ಲಿ ನಾನು ‘ಬೆಂಬಲದ ಗೆಳತಿ’.
ತಿಂಗಳ ಕೊನೆಗೆ ತುಂಬಬೇಕು: ದಿನಾಂಕ, ಗಂಟೆ, ಕಿಲೋಮೀಟರು,
‘ಈ ತಿಂಗಳ ಸಾಧನೆ’ ಎಂದೊಂದು ಖಾಲಿ ಚೌಕ.
ನಲವತ್ತೊಂದರ ಗಂಡಸಿನ ಜೊತೆ ಕೂತು ಬನ್ನು ತಿಂದದ್ದನ್ನು
ಯಾವ ಪದ ಹಾಕಿ ಸಾಧನೆ ಎನ್ನಿಸುವುದು?

ನಮ್ಮ ಕಡೆ ಆ ಬನ್ನಿನ ಹೆಸರೇ ಕಪಾಳಮೋಕ್ಷ,
ಸುರುಳಿ ಸುತ್ತಿ, ದಾಲ್ಚಿನ್ನಿ ತುಂಬಿ, ಕಿವಿಯ ಹಾಗೆ ಒತ್ತಿದ್ದು.
“ಎರಡು ಕಪಾಳಮೋಕ್ಷ” ಎಂದು ಕೇಳಿ
ತನ್ನ ಕೆನ್ನೆ ಮುಟ್ಟಿಕೊಂಡು ನಗುತ್ತಾನೆ.
ಪ್ರತಿ ಸಲವೂ ಅದು ಮೊದಲ ಸಲ.

ಎರಡನೇ ವಾರವೇ ಕೇಳಿದ್ದ: ನಿನಗೆ ಸಂಬಳ ಎಷ್ಟು?
ಅವನ ಲೋಕದಲ್ಲಿ ಎಲ್ಲರಿಗೂ ಇದೆ,
ಬೆಳಿಗ್ಗೆ ಎಬ್ಬಿಸುವ ಸೈಮಿಗೆ, ಮಾತ್ರೆ ಎಣಿಸುವ ಯೌನಿಗೆ,
ದುಡ್ಡು ಕಾಯುವ ವಕೀಲನಿಗೆ, ಟ್ಯಾಕ್ಸಿಯವನಿಗೆ,
ಹುಟ್ಟುಹಬ್ಬಕ್ಕೆ ಕೇಕು ಕತ್ತರಿಸಿಕೊಡುವ ಕೈಗೂ.
ಇಲ್ಲ, ಎಂದೆ.
ಮುಖ ಸಪ್ಪಗಾಯಿತು. “ಯಾರ ಹತ್ತಿರವಾದರೂ ಹೇಳಬೇಕು” ಎಂದ.
ಅಂದಿನಿಂದ ಗಲ್ಲಾದ ಹುಡುಗಿಗೆ ತಗ್ಗಿದ ದನಿಯಲ್ಲಿ,
ಮನೆಯ ಕಷ್ಟ ಹೇಳಿಕೊಳ್ಳುವವರ ಹಾಗೆ:
“ಪಾಪ, ಇವಳಿಗೆ ಸಂಬಳವಿಲ್ಲ.”
ಕಾಫಿಯ ದುಡ್ಡು ಅವನದೇ.

ಎಲ್ಲ ಗುರುವಾರಗಳೂ ಹೀಗಲ್ಲ.
ಡಿಸೆಂಬರಿನಲ್ಲೊಮ್ಮೆ, ಹಗಲೆಂಬುದು ಒಂದು ಗುಟುಕಿನಷ್ಟೇ ಇದ್ದ ದಿನ,
ಅಂಗಡಿಯಿಂದ ಹೊರಡಲು ಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಇದ್ದ,
ಕೆಳಗಿನಿಂದ ಮೇಲಕ್ಕೆ, ಬಿಚ್ಚಿ, ಮತ್ತೆ ಕೆಳಗಿನಿಂದ.
ನಾನು ಗಡಿಯಾರ ನೋಡಿದೆ.
“ಬಿಡು, ನಾನೇ ಹಾಕುತ್ತೇನೆ.”
ಅವನು ಕೈ ಕೆಳಗಿಳಿಸಿ ನಿಂತ,
ಸೈಮಿಯ ಮುಂದೆ ನಿಲ್ಲುವ ಹಾಗೆ.
ಹೋಗುವಾಗ ಪೊಲೀಸಪ್ಪನಿಗೂ ಸಲಾಮಿಲ್ಲ.
ಫಾರಮ್ಮಿನಲ್ಲಿ ಬರೆದೆ: ಒಂದೂವರೆ ಗಂಟೆ.

ಫೆಬ್ರವರಿಯಲ್ಲಿ ಮೆಟ್ಟಿಲ ಹಿಮಗಡ್ಡೆಗೆ ಜಾರಿ
ನನ್ನ ಬಲ ಮಣಿಕಟ್ಟು ಮುರಿಯಿತು.
ಗುರುವಾರ ಬರಲಾರೆ ಎಂದು ಹೇಳಿ ಕಳಿಸಿದೆ.
ಶನಿವಾರ ಬಾಗಿಲು ಬಡಿದ ಸದ್ದು.
ಎರಡು ತಪ್ಪು ಬಸ್ಸು, ಒಂದು ಸರಿ ಬಸ್ಸು ಹತ್ತಿ,
ವಿಳಾಸದ ಚೀಟಿ ಮುದ್ದೆಯಾಗಿ, ಮೀಸೆಯಲ್ಲಿ ಹಿಮ,
ಒಂದು ಕೈಗವಸನ್ನು ಎಲ್ಲೋ ಬಿಟ್ಟು, ತೌನೊ.
“ಹೋಗೋಣ” ಎಂದ.
ಗೂಟದಿಂದ ನನ್ನ ಕೋಟು ತೆಗೆದು
ಪಟ್ಟಿ ಸುತ್ತಿದ ಕೈಯನ್ನು ಒಳಗೆ ಮಡಿಸಿಟ್ಟು
ಕೆಳಗಿನಿಂದ ಶುರುಮಾಡಿದ.
ನಾನೂ ಇನ್ನೊಂದು ಕೈ ಕೆಳಗಿಳಿಸಿ ನಿಂತೆ.
ನಾಲಗೆಯ ತುದಿ ಹಲ್ಲಿನ ನಡುವೆ, ಉಸಿರಲ್ಲಿ ಉಪ್ಪು ಮಿಠಾಯಿಯ ವಾಸನೆ,
ಒಂದೊಂದು ಗುಂಡಿಯೂ ಒಂದೊಂದು ಮೈಲಿ.
ಅವನ ಕೈಗಡಿಯಾರ ನನ್ನ ಗಲ್ಲದ ಕೆಳಗೇ ಇತ್ತು;
ಅವನು ಅದನ್ನು ನೋಡಲಿಲ್ಲ.
ಕೊನೆಗೆ ಮೇಲೊಂದು ತೂತು ಮಿಕ್ಕಿತು, ಕೆಳಗೊಂದು ಗುಂಡಿ.
ಹಾಗೆಯೇ ನಡೆದೆವು,
ನನ್ನ ಕೊರಳಪಟ್ಟಿ ಒಂದು ಕಡೆ ಕಿವಿಗೆ ತಾಗುತ್ತಾ.

ಪೊಲೀಸಪ್ಪನಿಗೆ ಸಲಾಮು. ಎಡಗೈಯಲ್ಲಿ ನನ್ನದೂ ಒಂದು.
ಕಪಾಳಮೋಕ್ಷ ಎರಡು;
ನನ್ನದನ್ನು ಅವನೇ ಚೂರು ಮಾಡಿಕೊಟ್ಟ.
ಗಲ್ಲಾದ ಹುಡುಗಿಯ ಕಡೆ ಬಾಗಿ, ಎಂದಿನಂತೆ ದನಿ ತಗ್ಗಿಸಿ,
“ಇವಳಿಗೆ ಸಂಬಳವಿಲ್ಲ” ಎಂದ.
ಆಮೇಲೆ ಸ್ವಲ್ಪ ಯೋಚಿಸಿ, ಎದೆ ಮುಂದೆ ಮಾಡಿ,
ಕಿಟಕಿಯ ಬಳಿ ಕೂತವರಿಗೂ ಕೇಳುವ ಹಾಗೆ:
“ನನಗೂ ಇಲ್ಲ.”