ಬಿಟ್ಟ ಅಕ್ಷರ

ಹಾಪ್ಸಾಲುವಿನ ನಮ್ಮ ಆಫೀಸಿನಲ್ಲಿ
ಹದಿಮೂರು ಪ್ರಾಜೆಕ್ಟಿಗೂ ಒಂದೇ ನಿಯಮದ ಕಡತ.
ಊರ್ವೆ ಬರೆದಿಟ್ಟು ನಿವೃತ್ತಳಾದಳು:
ಎರಡೇ ಸ್ಪೇಸು, ಟ್ಯಾಬು ಬೇಡ,
ಬಳಸದ ಹೆಸರು ಇಟ್ಟುಕೊಳ್ಳಬೇಡ,
ಒಂದಕ್ಷರದ ಹೆಸರಂತೂ ಕೂಡದು,
ತಲೆಯ ಮೇಲೆ ಅಲೆ ಹೊತ್ತ ಆ ಒಂದು ‘ಓ’ ಬಿಟ್ಟು.

ಯಾಕೆ ಬಿಟ್ಟಳೋ ಯಾರಿಗೂ ನೆನಪಿಲ್ಲ.

ಹೊಸಬ ಕೌಪೊ ಸೋಮವಾರ ಆ ಸಾಲು ಅಳಿಸಿದ.
ಒಳ್ಳೆಯ ಹುಡುಗ, ಕಸ ಕಂಡಲ್ಲಿ ಗುಡಿಸುವವನು.
ಮಧ್ಯಾಹ್ನದ ಸೂಪು ಬಿಸಿಯಾಗುವಷ್ಟರಲ್ಲಿ
ಹನ್ನೆರಡು ಹಸಿರು, ಒಂದು ಕೆಂಪು:
ಹೀಯುಮಾ ದ್ವೀಪಕ್ಕೆ ಸಮುದ್ರದ ಮೇಲೆ ಹೋಗುವ
ಮಂಜುಗಡ್ಡೆ ದಾರಿಯ ಪುಟ.
ನಾನೂರ ಏಳು ತಪ್ಪು.

ತೆರೆದು ನೋಡಿದರೆ
ಅದು ನಮ್ಮ ಮಾತಿನಲ್ಲಿ ಗಾಳಿಯ ಮೊದಲಕ್ಷರ.
ಗಾಳಿ ಎಷ್ಟು ತಣ್ಣಗಿದೆಯೆಂದು
ತಾಸಿಗೊಮ್ಮೆ, ಹತ್ತೊಂಬತ್ತು ಚಳಿಗಾಲ
ಅಳೆದಿಟ್ಟ ಲೆಕ್ಕ.

ಊರ್ವೆಗೆ ಫೋನು ಮಾಡಿದೆ. ನಕ್ಕಳು.
“ಮಂಜುಗಡ್ಡೆಗೆ ಕಾರು ಇಳಿಸುವಾಗ ಏನು ಮಾಡ್ತೀಯ?”
ಸೀಟ್ ಬೆಲ್ಟು ಬಿಚ್ಚುತ್ತೇನೆ.
“ಹೇಳಿದ್ದು ಯಾರು?”
ದಡದ ಫಲಕ. ಕಾನೂನೇ.
“ಹ್ಞಾಂ,” ಅಂದಳು. ಇಟ್ಟಳು.

ಕೌಪೊ ಸಾಲನ್ನು ಮತ್ತೆ ಸೇರಿಸಿ
ಪಕ್ಕದಲ್ಲೊಂದು ಟಿಪ್ಪಣಿ ಬರೆದ:
ಕೆಳಗೆ ನೀರಿದೆ.

ಟಿಪ್ಪಣಿ ಓದುವ ಅಭ್ಯಾಸ ಲಿಂಟರ್‌ಗಿಲ್ಲ.
ಮುಂದಿನ ಹೊಸಬನಿಗಿರಲಿ.